ಸಾರಮ್ಮನ ಕೋಳಿ, ಅಜ್ಜಿಯ ಜಾಗ

ತುಮಕೂರಿನಲ್ಲಿ ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನವರು ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, “ಏನ್ ಮೇಡಂ, ಕ್ರಿಶ್ಚಿಯನ್ಸ್ ಆಗಿ ಚಿಕನ್ ತಿನ್ನಲ್ವಾ?” ನಾನು ಮಟನ್ ತಿನ್ನುತ್ತೇನೆ, ಮೀನು ತಿನ್ನುತ್ತೇನೆ, ಮೊಟ್ಟೆಗೂ ಅಡ್ಡಿಯಿಲ್ಲ. ಕೋಳಿ ಮಾತ್ರ ಆಗುವುದಿಲ್ಲ. ಒಂದು ವರ್ಷ ಹರಕೆ ಎಂದೆ. ಇನ್ನೊಂದು ವರ್ಷ ಕೊಲೆಸ್ಟ್ರಾಲ್ ಎಂದೆ. ಲ್ಯಾಬಿನವರ ಮುಂದೆ ಕೊಲೆಸ್ಟ್ರಾಲಿನ ಸುಳ್ಳು ಹೇಳಬಾರದೆಂಬ ಬುದ್ಧಿ ನನಗಿರಲಿಲ್ಲ. ಮಾರನೇ ದಿನವೇ ನನ್ನ ರಕ್ತ ತೆಗೆದು, “ಎಲ್ಲ ನಾರ್ಮಲ್ ಐತೆ ಮೇಡಂ, ಧೈರ್ಯವಾಗಿ ತಿನ್ನಿ” ಎಂದು ರಿಪೋರ್ಟು ಕೈಗಿಟ್ಟರು.

ನಿಜವಾದ ಕಾರಣ ಹೇಳಬೇಕಾದರೆ ಗುಬ್ಬಿಯ ನನ್ನ ಅಜ್ಜಿಯಿಂದ ಶುರುಮಾಡಬೇಕು. ಊಟದ ಮೇಜಿನ ಮುಂದೆ ಅಷ್ಟು ಪುರುಸೊತ್ತು ಯಾರಿಗಿರುತ್ತದೆ? ನಿಮಗೆ ಇದ್ದರೆ ಕೇಳಿ.

ಅಜ್ಜಿಯ ಹೆಸರು ಎಸ್ತೇರಮ್ಮ. ನಮ್ಮ ಅಮ್ಮನ ಅಮ್ಮ. ಗುಬ್ಬಿಯ ನಾಲಿಗೆಗೆ ಎಸ್ತೇರು ಒಗ್ಗದೆ ಇಡೀ ಊರು ಅವಳನ್ನು ಇಸ್ತ್ರಿಯಮ್ಮ ಎಂದೇ ಕರೆಯುತ್ತಿತ್ತು. ಹೆಸರು ತಪ್ಪಾದರೂ ಅನ್ವರ್ಥವೇ ಆಗಿತ್ತು. ಅವಳ ಹತ್ತಿರ ಚರ್ಚಿಗೆಂದೇ ಎರಡು ಬಿಳಿ ಸೀರೆಗಳಿದ್ದವು. ಶನಿವಾರ ಮಧ್ಯಾಹ್ನ ಅವುಗಳಲ್ಲೊಂದನ್ನು ಅನ್ನದ ಗಂಜಿಯಲ್ಲಿ ಅದ್ದಿ, ಹಿಂಡದೆ ಹಾಗೇ ಹರವಿ, ಇನ್ನೂ ತೇವ ಇರುವಾಗಲೇ ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಿದ್ದಳು. ಭಾನುವಾರ ಅದನ್ನುಟ್ಟು ನಡೆದರೆ ಸೀರೆ ಪರಪರ ಎನ್ನುತ್ತಿತ್ತು. ಹಿಂದೆ ಬರುತ್ತಿದ್ದ ನನಗೆ ಕಣ್ಣು ಮುಚ್ಚಿಕೊಂಡರೂ ಅಜ್ಜಿ ಎಷ್ಟು ದೂರದಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು.

ಅಜ್ಜಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಊರಿನ ಅರ್ಧ ಜನಕ್ಕೆ ಮೊದಲ ಸ್ನಾನ ಮಾಡಿಸಿದವಳು ಅವಳೇ. ಹಾಗಾಗಿ ಮೀಸೆ ಬಂದವರನ್ನೂ ಏಕವಚನದಲ್ಲಿ ಮಾತಾಡಿಸುವ ಹಕ್ಕು ಅವಳಿಗಿತ್ತು. ಪಕ್ಕದ ಮನೆಯ ರುದ್ರಮ್ಮ ಹಣೆತುಂಬ ವಿಭೂತಿ ಇಟ್ಟು ದಿನಾ ಲಿಂಗಪೂಜೆ ಮಾಡುವವರು. ಭಾನುವಾರ ಬೆಳಗ್ಗೆ ಕಾಂಪೌಂಡಿನ ಮೇಲಿಂದ ಒಂದು ಬೊಗಸೆ ದಾಸವಾಳವೋ ಸೇವಂತಿಗೆಯೋ ಕೊಟ್ಟು, “ತಗೊಳ್ರವ್ವ, ನಿಮ್ ಯೇಸಪ್ಪಂಗೂ ಇರ್ಲಿ” ಎನ್ನುತ್ತಿದ್ದರು. ಅಜ್ಜಿ ಅದನ್ನು ಚರ್ಚಿನ ಮುಂದಿನ ಮೇಜಿನ ಮೇಲಿದ್ದ ಹಿತ್ತಾಳೆಯ ಹೂದಾನಿಗೆ ಜೋಡಿಸುತ್ತಿದ್ದಳು. ಆರಾಧನೆ ಮುಗಿದು ಮನೆಗೆ ಬಂದ ಮೇಲೆ, “ನಿಮ್ ಹೂವ ಚೆನ್ನಾಗ್ ಕಾಣ್ತಿತ್ತು ಕಣ್ ರುದ್ರಮ್ಮ” ಎಂದು ವರದಿ ಒಪ್ಪಿಸುತ್ತಿದ್ದಳು.

ನಾನು ಅಲ್ಲಿದ್ದುದು ಒಂಬತ್ತನೇ ವಯಸ್ಸಿನವರೆಗೆ. ಅಪ್ಪ ಅಮ್ಮ ಕುಣಿಗಲ್ಲಿನಲ್ಲಿದ್ದರು. ಅಮ್ಮನಿಗೆ ಶಾಲೆಯ ಕೆಲಸ, ಜೊತೆಗೆ ಕೈಗೂಸು, ನನ್ನ ತಮ್ಮ. ನನ್ನಂಥ ತರಲೆಯನ್ನೂ ಸೇರಿಸಿ ಸಂಭಾಳಿಸಲು ಆಗದೆ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಜ್ಜಿಯ ಮನೆಯಲ್ಲಿ ನನ್ನನ್ನು ಬಿಟ್ಟರೆ ಐದಾರು ಕೋಳಿಗಳಿದ್ದವು. ಅವುಗಳಲ್ಲಿ ಒಂದು ಕಂದು ಬಣ್ಣದ್ದು, ಮೈಮೇಲೆಲ್ಲ ಕಪ್ಪು ಚುಕ್ಕಿ. ಅದಕ್ಕೆ ಚುಕ್ಕಿ ಎಂದೇ ಹೆಸರಿಟ್ಟಿದ್ದೆ. ಮರಿಯಾಗಿದ್ದಾಗಿನಿಂದ ಕೈಯಲ್ಲೇ ಕಾಳು ತಿನ್ನಿಸಿ ಬೆಳೆಸಿದ್ದೆ. ನಾನು ಮಗ್ಗಿ ಬಾಯಿಪಾಠ ಮಾಡುವಾಗ ಅದು ಪಕ್ಕದಲ್ಲಿ ಕೂತು ಕೊಕ್ ಕೊಕ್ ಎನ್ನುತ್ತಿತ್ತು. ಹದಿಮೂರರ ಮಗ್ಗಿ ನನಗೆ ಇವತ್ತಿಗೂ ಬರುವುದಿಲ್ಲ. ಆ ತಪ್ಪನ್ನೂ ಚುಕ್ಕಿಯ ತಲೆಗೇ ಕಟ್ಟುತ್ತೇನೆ.

ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಬೆಳೆದವರು ಬೆಳೆದದ್ದನ್ನು ತಂದು ಕಾಣಿಕೆ ಕೊಡುವುದು, ಆರಾಧನೆಯಾದ ಮೇಲೆ ಅದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುವುದು. ತೆಂಗಿನಕಾಯಿ, ಕುಂಬಳಕಾಯಿ, ರಾಗಿ ಚೀಲ, ಬಾಳೆಗೊನೆ, ಹುಂಜ. ಆ ವರ್ಷ ಅಜ್ಜಿ ಕೋಳಿ ಕೊಡುತ್ತೇನೆಂದಳು. ಕೊಡಲಿ, ನನ್ನದೇನು ತಕರಾರಿರಲಿಲ್ಲ. ಆದರೆ ಶನಿವಾರ ಸಂಜೆ ಅವಳು ಗೂಡಿಗೆ ಕೈಹಾಕಿ ಹಿಡಿದದ್ದು ಚುಕ್ಕಿಯನ್ನು.

“ಅಜ್ಜಿ, ಅದು ಬ್ಯಾಡ. ಕುಂಟ್ ಕೋಳಿ ಕೊಡು.”

“ದೇವ್ರಿಗೆ ಕುಂಟಂದ್ ಕೊಡ್ತಾರೇನೇ? ಮೊಟ್ಟೆ ಇಕ್ಕೋದನ್ನೇ ಕೊಡಬೇಕು.”

ನಾನು ಅತ್ತೆ. ಅಜ್ಜಿ ತಲೆ ಸವರಿ ಒಂದು ತುಂಡು ಬೆಲ್ಲ ಕೊಟ್ಟಳು. ಬೆಲ್ಲ ತಿಂದೆ, ಅಳುವುದನ್ನು ಮುಂದುವರಿಸಿದೆ.

ಮಾರನೇ ದಿನ ಹರಾಜು ಕೂಗಿದವರು ಚರ್ಚಿನ ಸಭೆಯ ಹಿರಿಯರಾದ ಪ್ರಕಾಶಪ್ಪನವರು. ಚುಕ್ಕಿ ಸಾರಮ್ಮನವರ ಪಾಲಾಯಿತು. ಸಾರಮ್ಮ ಅಜ್ಜಿಯ ಜೀವದ ಗೆಳತಿ. ಇಬ್ಬರೂ ಚರ್ಚಿನಲ್ಲಿ ಹೆಂಗಸರ ಕಡೆಯ ಎರಡನೇ ಬೆಂಚಿನಲ್ಲಿ ಒತ್ತಿಕೊಂಡು ಕೂತು, ಒಂದೇ ಹಾಡಿನ ಪುಸ್ತಕವನ್ನು ನಡುವೆ ಹಿಡಿದು ಹಾಡುತ್ತಿದ್ದರು. ಅಜ್ಜಿಯದು ಸಣ್ಣ ದನಿ, ಸಾರಮ್ಮನದು ಬಸ್‌ಸ್ಟ್ಯಾಂಡಿಗೆ ಕೇಳುವಂಥದ್ದು. ಸಾರಮ್ಮ ಹಾಡಿನಲ್ಲಿ ಒಂದು ಸಾಲು ಮುಂದೆ ಓಡಿದರೆ ಅಜ್ಜಿ ಮೊಣಕೈಯಿಂದ ತಿವಿದು ವಾಪಸ್ ಕರೆತರುತ್ತಿದ್ದಳು. “ಬ್ಯಾರೇರಿಗೆ ಹೋಗೋದ್ರ ಬದ್ಲು ನಮ್ ಸಾರಮ್ಮಂಗೇ ಹೋಯ್ತಲ್ಲ ಬುಡು” ಎಂದು ಅಜ್ಜಿ ನನ್ನನ್ನು ಸಮಾಧಾನ ಮಾಡಿದಳು.

ಸಾರಮ್ಮನ ಮನೆ ನಮ್ಮ ಶಾಲೆಯ ದಾರಿಯಲ್ಲೇ ಇತ್ತು. ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಸೋಮವಾರ ಸಂಜೆ ಅವರ ಹಿತ್ತಲಿನ ಬೇಲಿ ನುಸುಳಿ, ಚುಕ್ಕಿಯನ್ನು ಸ್ಕೂಲ್ ಬ್ಯಾಗಿನೊಳಗೆ ಕೂರಿಸಿಕೊಂಡು ಬಂದು ನಮ್ಮ ಗೂಡಿನ ಮುಂದೆ ಬಿಟ್ಟೆ. ಅಜ್ಜಿ ಕಂಡು ಬೆರಗಾದಳು. “ಹಾದಿ ನೆಪ್ಪಿಟ್ಕೊಂಡ್ ಬಂದೈತಲ್ಲೇ!” ಎಂದು ನಗುತ್ತ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಸಾರಮ್ಮನಿಗೆ ಕೊಟ್ಟು ಬಂದಳು. ಸಾರಮ್ಮನೂ ನಕ್ಕರಂತೆ. ಬುಧವಾರ ಮತ್ತೆ ತಂದೆ. ಅಜ್ಜಿ ಮತ್ತೆ ಕೊಟ್ಟು ಬಂದಳು. ಈ ಸಲ ಸಾರಮ್ಮ ನಗಲಿಲ್ಲವಂತೆ. “ಬಲೇ ಪಳಗ್ಸಿದೀಯ ಬುಡು ಕೋಳೀನ” ಎಂದರಂತೆ. ಅಜ್ಜಿಗೆ ಆ ಮಾತಿನ ಮೊನೆ ತಿಳಿಯಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೂರನೇ ಸಲ ಹೋದೆ. ಬರುವಾಗ ಹಾಲಿನ ಡೈರಿಯ ಹತ್ತಿರ ಬ್ಯಾಗಿನ ಗುಂಡಿ ಬಿಚ್ಚಿಕೊಂಡು ಚುಕ್ಕಿ ಕೆಳಗೆ ಹಾರಿತು. ಡೈರಿಯ ಮುಂದೆ ಯಾವಾಗಲೂ ಮಲಗಿರುತ್ತಿದ್ದ ನಾಯಿಗಳಲ್ಲಿ ಒಂದು ಎದ್ದಿತು. ನಾನು ಕಲ್ಲು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಗೆ ಬಂದು ಬ್ಯಾಗನ್ನು ತೊಟ್ಟಿಯ ನೀರಿನಲ್ಲಿ ತೊಳೆದು ಒಣಹಾಕಿದೆ. ಪುಸ್ತಕಗಳಿಗೆ ಅಂಟಿದ್ದ ಪುಕ್ಕಗಳನ್ನು ಒಂದೊಂದಾಗಿ ಕಿತ್ತು ಒಲೆಗೆ ಹಾಕಿದೆ.

ಅದೇ ದಿನ ಅಪ್ಪ ನನ್ನನ್ನು ನೋಡಲು ಕುಣಿಗಲ್ಲಿನಿಂದ ಬರಬೇಕೆ? ಬರಿಗೈಯಲ್ಲಿ ಬರಬಾರದೆಂದು ಅಂಗಡಿಯಲ್ಲಿ ಕೋಳಿ ಕುಯ್ಯಿಸಿಕೊಂಡು ಬರಬೇಕೆ? ಸಂಜೆ ಹೊತ್ತಿಗೆ ಅಜ್ಜಿಯ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಬೀದಿಗೆಲ್ಲ ವಾಸನೆ ಹೊಡೆಯುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಸಾರಮ್ಮ ಬಾಗಿಲಲ್ಲಿ ನಿಂತರು.

“ಎಸ್ತೇರಮ್ಮ, ಕೋಳಿ ಬಂದೈತಾ?”

“ಇಲ್ವಲ್ಲ ಸಾರಮ್ಮ. ಬಾ, ಕೂತ್ಕೊ.”

ಸಾರಮ್ಮ ಹಿತ್ತಲಿಗೆ ಹೋಗಿ ಗೂಡು ನೋಡಿದರು. ಒಳಗೆ ಬಂದು ಮೂಗರಳಿಸಿದರು. “ಒಲೆ ಮೇಲೇನು?”

“ಅಳಿಯಂದ್ರು ತಂದಿದ್ರು.”

“ಅಳಿಯ ಬಂದ ಅಂತ ದೇವ್ರಿಗೆ ಕೊಟ್ಟಿದ್ ಕೋಳೀನೇ ಕುಯ್ದಾಕ್ದ್ಯಾ? ಎರಡ್ ಸಲ ಕರ್ಸ್ಕೊಂಡಿದ್ದು ಸಾಲ್ದಾ ನಿಂಗೆ?”

ಅಪ್ಪ ಎದ್ದು ಬಂದು ಅಂಗಡಿಯ ಹೆಸರು ಹೇಳಿದರು. ಅಳಿಯನ ಸಾಕ್ಷಿಯನ್ನು ಯಾರು ನಂಬುತ್ತಾರೆ? ಸಾರಮ್ಮ ಹೊರಟುಹೋದರು. ನಾನು ಅಷ್ಟೂ ಹೊತ್ತು ಬಾಗಿಲ ಹಿಂದೆ ನಿಂತಿದ್ದೆ. ಊಟಕ್ಕೆ ಕೂತಾಗ ಅಜ್ಜಿ ನನ್ನ ತಟ್ಟೆಗೆ ಮೂಳೆಯಿಲ್ಲದ ತುಂಡುಗಳನ್ನು ಆರಿಸಿ ಹಾಕಿದಳು. ಒಂದನ್ನೂ ಮುಟ್ಟಲಾಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಮುಟ್ಟಿಲ್ಲ.

ಮಾರನೇ ದಿನ ಆರಾಧನೆ ಮುಗಿದ ಮೇಲೆ ಪ್ರಕಾಶಪ್ಪನವರು ಇಬ್ಬರನ್ನೂ ಜಗಲಿಯಲ್ಲಿ ನಿಲ್ಲಿಸಿಕೊಂಡರು. ಒಂದು ಕೋಳಿಗಾಗಿ ಸಭೆಯ ಇಬ್ಬರು ಕಿತ್ತಾಡುವುದು ಅವರಿಗೆ ಸರಿಕಾಣಲಿಲ್ಲ. “ಎಸ್ತೇರಮ್ಮ, ಬೈಬಲ್ ಮೇಲೆ ಕೈಯಿಟ್ಟು ನಾನ್ ಕುಯ್ದಿಲ್ಲ ಅಂದ್ಬುಡಿ. ಅಲ್ಲಿಗ್ ಮುಗೀತು” ಎಂದರು.

ಅಜ್ಜಿ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. “ಆಣೆ ಇಕ್ಕಬ್ಯಾಡಿ ಅಂತ ಆ ಪುಸ್ತಕದಾಗೇ ಬರ್ದೈತೆ. ಅದ್ರ ಮ್ಯಾಲೇ ಕೈಯಿಕ್ಕಿ ಹೆಂಗ್ ಆಣೆ ಇಕ್ಲಿ? ಇಲ್ಲ ಅಂದ್ರೆ ಇಲ್ಲ. ಅಷ್ಟೇಯ.”

“ನೋಡಿದ್ರಾ?” ಎಂದರು ಸಾರಮ್ಮ.

ಮುಂದಿನ ಭಾನುವಾರದಿಂದ ಅವರು ಅದೇ ಬೆಂಚಿನ ಆ ತುದಿಗೆ, ಅಜ್ಜಿ ಈ ತುದಿಗೆ. ನಡುವೆ ಬೇರೆಯವರು ಬಂದು ಕೂತರು. ಸಾರಮ್ಮ ಹಾಡಿನಲ್ಲಿ ಮುಂದೆ ಓಡಿದರೆ ತಿವಿಯುವವರಿರಲಿಲ್ಲ. ಇಡೀ ಸಭೆಯೇ ಅವರ ಹಿಂದೆ ಓಡಬೇಕಾಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಅಪ್ಪ ಅಮ್ಮ ನನ್ನನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದರು. ಹೋಗುವ ಮುನ್ನ ಹೇಳಬೇಕೆಂದು ಎರಡು ಮೂರು ಸಲ ಅಜ್ಜಿಯ ಮುಂದೆ ನಿಂತೆ. ಅವಳು “ಏನ್ಲೇ ಪುಟ್ಟಿ?” ಎಂದು ಕೇಳಿದ ಕೂಡಲೇ, “ಹಸಿವು” ಎಂದುಬಿಡುತ್ತಿದ್ದೆ. ಆ ವರ್ಷ ನಾನು ಸ್ವಲ್ಪ ದಪ್ಪವೂ ಆದೆ.

ಅವರಿಬ್ಬರು ಗೆಳತಿಯರು ಮಾತು ಬಿಟ್ಟದ್ದು ಒಟ್ಟು ಇಪ್ಪತ್ತೆರಡು ವರ್ಷ. ಅಜ್ಜಿ ಸುಮ್ಮನೆ ಕೂತವಳಲ್ಲ. ಜಗಳ ಇಟ್ಟುಕೊಂಡು ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಹೋಗಬಾರದೆಂದು ಪ್ರತಿ ವರ್ಷ ಈಸ್ಟರಿನ ಹಿಂದಿನ ದಿನ ಸಾರಮ್ಮನ ಗೇಟಿನವರೆಗೂ ಹೋಗುತ್ತಿದ್ದಳಂತೆ. ಸಾರಮ್ಮ ಒಳಗಿನಿಂದಲೇ, “ಒಪ್ಕೊ, ಬುಡ್ತೀನಿ” ಎನ್ನುತ್ತಿದ್ದರಂತೆ. ಮಾಡದ್ದನ್ನು ಒಪ್ಪಿಕೊಂಡರೆ ಸುಳ್ಳು ಹೇಳಿದಂತಾಗುತ್ತದೆ. ಅಜ್ಜಿ ವಾಪಸ್ ಬರುತ್ತಿದ್ದಳು. ನಾನು ಓದಿ, ತುಮಕೂರಿನಲ್ಲಿ ಕೆಲಸಕ್ಕೆ ಸೇರಿ, ಅಪ್ಪ ಅಮ್ಮನೂ ಅಲ್ಲಿಗೇ ಬಂದು ನೆಲೆಸಿದ ಮೇಲೂ ಇದು ನಡೆದೇ ಇತ್ತು. ಅಮ್ಮ ಫೋನಿನಲ್ಲಿ ಕೇಳಿ, “ಈ ಮುದುಕೀರ ಹಟ ನೋಡು” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಇನ್ನು ಅಜ್ಜಿಯ ಜಾಗದ ವಿಷಯ. ನಮ್ಮ ತಾತ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ನಮ್ಮವರ ಸ್ಮಶಾನ ಚಿಕ್ಕದು. ತಾತನ ಸಮಾಧಿ ಮೇಲಿನ ಭಾಗದಲ್ಲಿ, ಗಟ್ಟಿ ನೆಲದಲ್ಲಿತ್ತು. ಅದರ ಪಕ್ಕದಲ್ಲಿ ಅಜ್ಜಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟು ತನಗೆಂದು ಜಾಗ ಗುರುತು ಮಾಡಿಕೊಂಡಿದ್ದಳು. ಈಸ್ಟರಿನ ಮುಂಜಾನೆ ಎಲ್ಲರೂ ಮೇಣದಬತ್ತಿ ಹಿಡಿದು ಅಲ್ಲಿ ಸೇರುತ್ತಾರೆ. ಅಜ್ಜಿ ತಾತನ ಸಮಾಧಿಗೆ ಸುಣ್ಣ ಬಳಿದು, ಪಕ್ಕದ ಕಳೆ ಕಿತ್ತು, ಬೇರೆಯವರು ಸೈಟು ತೋರಿಸುವ ಹಾಗೆ ನನಗೆ ತೋರಿಸುತ್ತಿದ್ದಳು. “ಇದು ನಂದು. ನಿಮ್ ತಾತನ ಎಡಗಡೀಕೆ. ಫೋಟೋದಾಗೂ ಎಡಗಡೀಕೇ ನಿಂತಿದ್ದೆ.”

ಸಾರಮ್ಮ ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಯಲ್ಲಿ. ಆಗ ಅಜ್ಜಿಗೆ ಎಂಬತ್ತು, ನನಗೆ ಮೂವತ್ತೊಂದು. ಸುದ್ದಿ ಕೇಳಿ ನಾನು ತುಮಕೂರಿನಿಂದ ಬೆಳಗ್ಗೆಯೇ ಹೋದೆ. ವಾರದಿಂದ ಮಳೆ ಹಿಡಿದಿತ್ತು. ಸಾರಮ್ಮನ ಗಂಡನ ಸಮಾಧಿ ಇದ್ದದ್ದು ಸ್ಮಶಾನದ ತಗ್ಗಿನ ಭಾಗದಲ್ಲಿ. ಅಲ್ಲಿ ಮೂರಡಿ ತೋಡುವಷ್ಟರಲ್ಲಿ ನೀರು ಜಿನುಗಿತು. ಇನ್ನೊಂದು ಕಡೆ ತೋಡಿದರು, ಅಲ್ಲೂ ನೀರು. ಮೇಲಿನ ಭಾಗದಲ್ಲಿ ಅಜ್ಜಿಯ ನಾಲ್ಕು ಕಲ್ಲಿನ ನಡುವೆ ಬಿಟ್ಟರೆ ಇನ್ನೆಲ್ಲೂ ಜಾಗವಿರಲಿಲ್ಲ. ಅದನ್ನು ಕೇಳುವ ಧೈರ್ಯ ಪ್ರಕಾಶಪ್ಪನವರಿಗೂ ಇರಲಿಲ್ಲ. ಬೇರೆ ಊರಿನ ಸ್ಮಶಾನಕ್ಕೆ ಒಯ್ಯುವ ಮಾತು ನಡೆದಿತ್ತು.

ಅಜ್ಜಿ ಗಂಜಿ ಹಾಕಿದ ಸೀರೆಯುಟ್ಟು ನನ್ನ ತೋಳು ಹಿಡಿದು ಸಾರಮ್ಮನ ಮನೆಗೆ ಹೊರಟಳು. ಗೇಟಿನ ಹತ್ತಿರ ನಿಂತುಬಿಟ್ಟಳು.

“ಒಳೀಕ್ ಹೋಗ್ಲೋ ಬ್ಯಾಡ್ವೋ ಕಣೇ. ಕೋಳಿ ಕದ್ದೋಳು ಅಂದ್ಕೊಂಡೇ ಹೋಗ್ಬುಟ್ಳಲ್ಲ.”

ನನಗೆ ತಡೆಯಲಾಗಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ನಿಂತೇ ಎಲ್ಲ ಹೇಳಿಬಿಟ್ಟೆ. ಸೋಮವಾರ, ಬುಧವಾರ, ಶನಿವಾರ. ಬ್ಯಾಗು, ಡೈರಿ, ನಾಯಿ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಕೈ ಕೊಡವಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಒಂದೇ ಮಾತು.

“ಇಷ್ಟ್ ವರ್ಸ ಹೊಟ್ಟೇಲಿಕ್ಕೊಂಡಿದ್ಯಾ ಪುಟ್ಟಿ?”

ಆಮೇಲೆ ಒಳಗೆ ಹೋದಳು. ಹಜಾರದ ತುಂಬ ಜನ. ಸಾರಮ್ಮನ ಮಗಳು ಸುಗುಣಕ್ಕ ತಾಯಿಯ ತಲೆದೆಸೆಯಲ್ಲಿ ಕೂತಿದ್ದರು. ಊರಿಗೆಲ್ಲ ರವಿಕೆ ಹೊಲಿದುಕೊಡುತ್ತ ಕೊನೆಯವರೆಗೂ ತಾಯಿಯನ್ನು ನೋಡಿಕೊಂಡವರು. ಅಜ್ಜಿ ಸಾರಮ್ಮನ ಮುಂಗೈ ಮುಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಸುಗುಣ, ನಿಮ್ಮವ್ವ ಹೇಳಿದ್ದೇ ದಿಟ ಕಣವ್ವ. ಕೋಳಿ ಎರಡ್ ಸಲಾನೂ ತಾನಾಗ್ ಬಂದಿದ್ದಲ್ಲ. ನಮ್ಮನೆಯೋರೇ ತಂದಿದ್ದು. ಮೂರ್ನೇ ಸಲಾನೂ ನಮ್ಮನೆಯೋರೇ. ನಂದು ತಪ್ಪಾಯ್ತು.”

ಅಜ್ಜಿ ಪ್ರಕಾಶಪ್ಪನವರ ಕಡೆ ತಿರುಗಿದಳು. “ನನ್ ಜಾಗ್ದಾಗೆ ತೋಡ್ಸಪ್ಪ. ಅಲ್ಲಿ ನೀರ್ ಬರಾಕಿಲ್ಲ.”

ನಾನು ಬಾಗಿಲ ಹತ್ತಿರ ಕೊಡೆ ಹಿಡಿದು ನಿಂತಿದ್ದೆ. “ತಂದದ್ದು ನಾನು” ಎನ್ನಲು ಎರಡು ಪದ ಸಾಕಿತ್ತು. ಬಾಯಿ ಬರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಬಾಗಿಲ ಹಿಂದೆ ನಿಂತಿದ್ದೆ, ಈಗ ಬಾಗಿಲ ಮುಂದೆ. ಬದಲಾವಣೆ ಅಷ್ಟೇ. ಅಂದು ಸಂಜೆಯೇ ಸಾರಮ್ಮನನ್ನು ತಾತನ ಎಡಗಡೆಗೆ ಮಣ್ಣು ಮಾಡಿದರು. ಇಸ್ತ್ರಿಯಮ್ಮ ಕಾಣಿಕೆ ಕೋಳಿ ಕುಯ್ದು ತಿಂದದ್ದು ನಿಜವಂತೆ, ಪಾಪಕ್ಕೆ ಸಮಾಧಿಯ ಜಾಗವನ್ನೇ ಕೊಟ್ಟಳಂತೆ ಎಂದು ಊರು ಆಡಿಕೊಂಡಿತು. ರುದ್ರಮ್ಮನವರೊಬ್ಬರು ಮಾತ್ರ, “ನಾನ್ ನಂಬಾಕಿಲ್ಲ ಬುಡಿ” ಎಂದು ಹೂವು ಕೊಡುವುದನ್ನು ಮುಂದುವರಿಸಿದರು.

ಕೊನೆಯ ಎರಡು ವರ್ಷ ಅಜ್ಜಿ ತುಮಕೂರಿನ ನಮ್ಮ ಮನೆಯಲ್ಲಿದ್ದಳು. ಇಲ್ಲಿನ ಚರ್ಚಿನಲ್ಲಿ ಫ್ಯಾನಿನ ಗಾಳಿಗೆ ಸೀರೆಯ ಗಂಜಿ ನಿಲ್ಲುವುದಿಲ್ಲ ಎನ್ನುವುದು ಅವಳ ಒಂದೇ ದೂರು. ಒಂದು ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದೆ, “ಅಜ್ಜಿ, ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ?”

“ಒಂಬತ್ ವರ್ಸದೋಳು ಮಾಡಿದ್ದಕ್ಕೆ ಮೂವತ್ ವರ್ಸದೋಳ ಹೆಸ್ರು ಯಾಕೆ ಹೇಳ್ಬೇಕು?”

“ಜಾಗ ಹೋಯ್ತಲ್ಲ?”

“ಕಡೇ ದಿನ ಗೋರಿಯಿಂದ ಎಲ್ರೂ ಎದ್ದೇಳೋರೇ. ಹತ್ ಹೆಜ್ಜೆ ಆಚೆಯಿಂದ ಎದ್ರೆ ಏನಾಯ್ತದೆ?” ಇನ್ನೊಂದು ಕಾಲನ್ನು ನನ್ನ ಮುಂದೆ ಚಾಚಿ, “ನಿಮ್ ತಾತನ್ ಪಾಡೇ ಪಾಡು. ಅಲ್ಲೀಗಂಟ ಸಾರಮ್ಮನ್ ಬಾಯಿ ಕೇಳ್ಕೊಂಡ್ ಮಲಗ್ಬೇಕು” ಎಂದು ನಕ್ಕಳು.

ಎಂಬತ್ತೈದಕ್ಕೆ ಹೋದಳು. ಬೇಸಿಗೆಯಾಗಿತ್ತು. ತಗ್ಗಿನ ಭಾಗದ ನೆಲ ಒಣಗಿ ಹದವಾಗಿತ್ತು. ಗುಬ್ಬಿಯಲ್ಲೇ, ಗೋಡೆಯ ಪಕ್ಕ, ಸಾರಮ್ಮನ ಗಂಡನಿಂದ ನಾಲ್ಕು ಮಾರು ದೂರದಲ್ಲಿ ಜಾಗ ಸಿಕ್ಕಿತು. ಮುಂದಿನ ಭಾನುವಾರ ಚರ್ಚಿನಲ್ಲಿ ಅವಳ ಬದುಕಿಗಾಗಿ ಕೃತಜ್ಞತೆಯ ಪ್ರಾರ್ಥನೆ ಇಟ್ಟಿದ್ದರು. ಮನೆಯವರ ಪರವಾಗಿ ಎರಡು ಮಾತಾಡಿ ಎಂದು ಸಭಾಪಾಲಕರು ಕರೆದರು. ಅಮ್ಮ ನನ್ನನ್ನು ದೂಡಿದಳು. ಅಜ್ಜಿ ಆಯಾ ಆಗಿದ್ದದ್ದು, ಗಂಜಿ ಸೀರೆ, ಬೈಬಲ್ ಓದು ಎಂದೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಎದ್ದು ನಿಂತು ಎರಡನೇ ಬೆಂಚು ನೋಡಿದೆ. ಚೀಟಿ ಮಡಚಿದೆ.

“ಸಾರಮ್ಮನವರ ಕೋಳಿ ಕದ್ದದ್ದು ನಮ್ಮಜ್ಜಿ ಅಲ್ಲ. ನಾನು” ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಹೇಳುತ್ತ ಹೋದಂತೆ ನಗು ನಿಂತಿತು. ಬ್ಯಾಗಿನ ಗುಂಡಿಯಿಂದ ಹಿಡಿದು ಸಾರಮ್ಮನ ಹಜಾರದವರೆಗೂ ಬಿಡದೆ ಹೇಳಿದೆ. ತೊಂಬತ್ತರ ಹತ್ತಿರದ ಪ್ರಕಾಶಪ್ಪನವರು ಕಿವಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದರು.

ಮುಗಿಸಿದಾಗ ಸುಗುಣಕ್ಕ ಕೂತಲ್ಲಿಂದ ಎದ್ದರು. “ನಮ್ಮಮ್ಮಂಗೆ ಗೊತ್ತಿತ್ತು ಕಣೇ” ಎಂದರು. “ಎರಡ್ನೇ ಸಲ ನೀನು ಬ್ಯಾಗಿಗೆ ಹಾಕ್ಕೊಳೋದನ್ನ ಕಿಟಕೀಲಿ ನೋಡಿದ್ಲು. ಎಸ್ತೇರಮ್ಮನೇ ಕಳ್ಸವ್ಳೆ ಅಂದ್ಕೊಂಡ್ಲು. ‘ಮಗೀನ್ ಹೆಸ್ರು ಎತ್ತಬ್ಯಾಡ ಸುಗುಣ, ಹೆಣ್ ಮಗ, ಕಳ್ಳಿ ಅಂತ ಹೆಸ್ರು ನಿಂತ್ಬುಡ್ತದೆ’ ಅಂತ ನನ್ ಬಾಯಿ ಮುಚ್ಚಿದ್ಲು. ಅವತ್ ನಿಮ್ಮಜ್ಜಿ ‘ನಮ್ಮನೆಯೋರೇ ತಂದಿದ್ದು’ ಅಂದಾಗ, ಅಮ್ಮ ಅಂದ್ಕೊಂಡಿದ್ದೇ ಸರಿ ಅಂತ ನಾನೂ ತಿಳ್ಕೊಂಡೆ.”

ನಾನು ಬಂದು ಕೂತೆ. ಪಕ್ಕದಲ್ಲಿದ್ದ ಅಮ್ಮ ಮುಖ ಮುಂದಕ್ಕೇ ಇಟ್ಟುಕೊಂಡು, ತುಟಿ ಅಲ್ಲಾಡದ ಹಾಗೆ, “ಆಚೆ ಬಾ, ಐತೆ ನಿಂಗೆ” ಎಂದಳು.

ಹೇಳಿದ ಹಾಗೇ ಮಾಡಿದಳು. ಕಾರು ಗುಬ್ಬಿ ಬಿಟ್ಟದ್ದೇ ಶುರು. ಮೂವತ್ತಾರು ವರ್ಷದ ನಾನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತು ಒಂದೊಂದು ಬೈಗುಳವನ್ನೂ ಕೇಳಿಸಿಕೊಂಡೆ. ನಿಜ ಹೇಳುತ್ತೇನೆ, ಹಿತವಾಗಿಯೇ ಇತ್ತು. ತುಮಕೂರಿಗೆ ಮುಂಚಿನ ಮಲ್ಲಸಂದ್ರದ ಹತ್ತಿರ ಬರುವಷ್ಟರಲ್ಲಿ ಅಮ್ಮ ಬೈಯುವುದನ್ನು ನಿಲ್ಲಿಸಿ ಅಳುತ್ತಿದ್ದಳು.

“ನೀನು ಒಂದ್ ಮಾತು ಹೇಳಿದ್ರೆ ಅವರಿಬ್ರೂ ಇಪ್ಪತ್ತೆರಡು ವರ್ಷ ಒಟ್ಟಿಗೆ ಕೂತ್ಕೊಂಡ್ ಹಾಡ್ತಿದ್ರಲ್ಲೇ” ಎಂದಳು.